ಮೋರಿಯ ಹತ್ತಿರವೇ ಇಂಜಿನ್ ಆರಿಸುತ್ತಿದ್ದ ಜಿಯಾವುಲ್ಲಾ

ಜಿಯಾವುಲ್ಲಾನ ಹೆಸರು ಅಮ್ಮಾಜಮ್ಮನ ಕಿವಿಗೆ ಮೊದಲು ಬಿದ್ದದ್ದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಎಂಬತ್ತೊಂಬತ್ತನೇ ಇಸವಿಯ ಸಂಕ್ರಾಂತಿ ಕಳೆದ ಮೂರನೆಯ ದಿನ. ಅವತ್ತು ಹರಾಜು ಕೂಗುವವನು ಬಂದು ನಿಂತಿದ್ದರೂ ಗೂಡು ಕೊಳ್ಳುವವರಲ್ಲಿ ಅರ್ಧ ಜನ ಒಳಗಿರಲಿಲ್ಲ. ಬೆಳಿಗ್ಗೆಯೇ ಬಂದು ಗೂಡು ಸುರಿದುಕೊಂಡು ಕುಳಿತಿದ್ದ ಅಮ್ಮಾಜಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊತ್ತೇರಿದಷ್ಟೂ ಗೂಡು ತೂಕ ಇಳಿಯುತ್ತದೆ, ಈ ಜನ ಎಲ್ಲಿ ಸತ್ತರು ನೋಡಿಕೊಂಡು ಬಾ ಎಂದು ಚಿಕ್ಕಪ್ಪನ ಮಗ ಚೆನ್ನರಾಯಪ್ಪನನ್ನು ಅಟ್ಟಿದಳು. ಅವನು ಗೇಟಿನ ತನಕ ಹೋಗಿ ಹೊಟ್ಟೆ ಹಿಡಿದುಕೊಂಡು ನಗುತ್ತಾ ವಾಪಸು ಬಂದ.

ಗೂಡು ಕೊಳ್ಳುವ ನೂರುಲ್ಲಾ ಸಾಬರ ತಮ್ಮ ಜಿಯಾವುಲ್ಲಾ ಬೆಂಗಳೂರಿನಿಂದ ಕಾರು ತಂದಿದ್ದಾನಂತೆ. ಮುಂದೆ ಟ್ರಾಕ್ಟರು, ನಡುವೆ ಹಗ್ಗ, ಹಿಂದೆ ಕೆಂಪು ಕಾರು. ಜಪಾನಿನದಂತೆ. ಯಾರೋ ಡಾಕ್ಟರು ಹಡಗಿನಲ್ಲಿ ತರಿಸಿ, ಓಡಿಸಿ, ಕೆಟ್ಟ ಮೇಲೆ ಕಾಂಪೌಂಡಿನಲ್ಲಿ ಬಿಸಾಕಿದ್ದಂತೆ. ಇರುವುದು ಎರಡೇ ಬಾಗಿಲು. ಹಿಂದೆ ಕೂರುವವರು ಮುಂದಿನ ಸೀಟು ಮಡಿಸಿ, ಅದರ ಮೇಲೆ ಹತ್ತಿ ಒಳಗೆ ತೂರಬೇಕು.

"ಅಕ್ಕಾ, ಓಡಲ್ಲ ಗೀಡಲ್ಲ. ಸ್ಟೇರಿಂಗ್ ಹಿಡ್ಕೊಂಡು ಮದುಮಗನ ತರ ಕೂತವ್ನೆ," ಎಂದ ಚೆನ್ನರಾಯಪ್ಪ.

ಅಮ್ಮಾಜಮ್ಮನಿಗೆ ನಗು ಬರಲಿಲ್ಲ. ಅವತ್ತು ಅವಳ ಗೂಡು ಹರಾಜಾಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಮುಖವನ್ನೇ ನೋಡದ ಆ ಹುಡುಗನನ್ನು ಮನೆ ಮುಟ್ಟುವ ತನಕ ಬೈದುಕೊಂಡೇ ಹೋದಳು.

ಅವಳ ಮನೆ ಚಿಂತಾಮಣಿ ರಸ್ತೆಯಲ್ಲಿ, ಊರು ದಾಟಿ ಎರಡು ಮೈಲಿ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಎರಡೂವರೆ ಎಕರೆ ಹಿಪ್ಪುನೇರಳೆ, ಹಂಚಿನ ಹುಳುವಿನ ಮನೆ, ಅಂಗಳದ ಇನ್ನೊಂದು ತುದಿಗೆ ಗಂಡನ ಟ್ರಾಕ್ಟರ್ ನಿಲ್ಲುತ್ತಿದ್ದ ಶೆಡ್ಡು. ಟ್ರಾಕ್ಟರ್ ಮಾರಿದ ಮೇಲೆ ಅಲ್ಲಿ ಸೌದೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದು ಗೊತ್ತಿದ್ದೇ ನೂರುಲ್ಲಾ ಸಾಬರು ಒಂದು ವಾರ ಬಿಟ್ಟು ಬಂದರು. ಅವಳ ಗೂಡನ್ನು ಹತ್ತು ವರ್ಷದಿಂದ ಕೊಳ್ಳುತ್ತಿದ್ದ ಮನುಷ್ಯ. ಗೂಡು ಬೇಯಿಸಿ ನೂಲು ತೆಗೆಯುವ ಸ್ವಂತ ಫಿಲೇಚರ್ ಇಟ್ಟಿದ್ದರು. ತಂದೆ ಸತ್ತಾಗ ಜಿಯಾವುಲ್ಲಾನಿಗೆ ಒಂಬತ್ತು ವರ್ಷ; ತಾವು ಉಂಡರೋ ಬಿಟ್ಟರೋ, ತಮ್ಮನಿಗೆ ಉಣಿಸಿ ಸಾಕಿದವರು. ನಮ್ಮ ಬೀದಿಯಲ್ಲಿ ಕೈಗಾಡಿ ತಿರುಗಿಸಲೂ ಜಾಗವಿಲ್ಲ, ಒಂದಾರು ತಿಂಗಳು ನಿಮ್ಮ ಶೆಡ್ಡಿನಲ್ಲಿ ಆ ದರಿದ್ರ ಕಾರು ಇರಲಿ, ಅಷ್ಟರಲ್ಲಿ ಅವನ ಹುಚ್ಚು ಬಿಡುತ್ತದೆ ಎಂದು ಕೇಳಿಕೊಂಡರು.

ಅವರ ಹಿಂದೆ ಚಪ್ಪಲಿಯನ್ನು ಅಂಗಳದಾಚೆಯೇ ಬಿಟ್ಟು ತಲೆ ತಗ್ಗಿಸಿ ನಿಂತಿದ್ದವನು ಜಿಯಾವುಲ್ಲಾ. ಇಪ್ಪತ್ತೆಂಟು ವರ್ಷ, ತೆಳ್ಳನೆ ಮೈ, ಉಗುರಿನ ಸಂದಿಯಲ್ಲಿ ಗ್ರೀಸು. ಅಣ್ಣ ಮಾತಾಡುವಷ್ಟು ಹೊತ್ತೂ ಅವನು ಒಂದಕ್ಷರ ಎತ್ತಲಿಲ್ಲ. ಕಾರು ತನ್ನದು, ಜಾಗ ಬೇಕಾದ್ದು ತನಗೆ ಅನ್ನುವ ಹಾಗೆಯೇ ಇರಲಿಲ್ಲ. ಒಳ್ಳೆ ವಿನಯದ ಹುಡುಗ ಎಂದುಕೊಂಡು ಅಮ್ಮಾಜಮ್ಮ ಒಪ್ಪಿದಳು. ಬಾಡಿಗೆ ಬೇಡವೆಂದಳು. ಬೆಳೆ ಬಂದಾಗ ಗೂಡನ್ನು ಮಾರುಕಟ್ಟೆಗೆ ಮುಟ್ಟಿಸಿಕೊಟ್ಟರೆ ಸಾಕು. ಹುಳಕ್ಕೆ ಹೊಗೆ ಆಗುವುದಿಲ್ಲ, ಬೀಡಿ ಆಗುವುದಿಲ್ಲ, ಅತ್ತರು ಕೂಡ ಆಗುವುದಿಲ್ಲ, ಅದೊಂದು ನೆನಪಿರಲಿ ಎಂದಳು. ಅವನು ತಲೆಯಾಡಿಸಿದ.

ಅವನ ಹುಚ್ಚು ಏನು ಅನ್ನುವುದು ತಿಂಗಳೊಪ್ಪತ್ತಿನಲ್ಲಿ ತಿಳಿಯಿತು. ಬೆಂಗಳೂರಿನ ಮೋಟಾರು ಕ್ಲಬ್ಬಿನವರು ಬಯಲಿನಲ್ಲಿ ಬಾವುಟ, ಹಳೇ ಟಯರು ಇಟ್ಟು ಸೊಟ್ಟಸೊಟ್ಟ ದಾರಿ ಮಾಡುತ್ತಾರೆ. ಅದರಲ್ಲಿ ಒಂದೊಂದೇ ಕಾರು ಬಿಟ್ಟು, ಯಾರು ಎಷ್ಟು ಸೆಕೆಂಡಿಗೆ ಸುತ್ತಿ ಬಂದರು ಎಂದು ಗಡಿಯಾರ ಹಿಡಿದು ಬರೆಯುತ್ತಾರೆ. ಅದಕ್ಕೆ ಆಟೋಕ್ರಾಸ್ ಅನ್ನುತ್ತಾರೆ. ಒಬ್ಬೊಬ್ಬರಿಗೆ ಮೂರು ಸುತ್ತು. ಮೂರೂ ಮುಗಿಸಿದರೆ ಮಾತ್ರ ಹೆಸರು ಹಲಗೆಗೆ ಏರುತ್ತದೆ. ಜಿಯಾವುಲ್ಲಾನಿಗೆ ಆ ಹಲಗೆಯ ಮೇಲೆ ತನ್ನ ಹೆಸರು ಬೇಕಾಗಿತ್ತು. ಗೆಲ್ಲುವ ಮಾತನ್ನು ಅವನು ಯಾವತ್ತೂ ಆಡಿದವನಲ್ಲ.

ಎಂಟು ತಿಂಗಳು ಒದ್ದಾಡಿ ಕಾರು ಎಬ್ಬಿಸಿದ. ಅದರ ಇಂಜಿನ್ನಿನ ಪಕ್ಕದಲ್ಲಿ ಬಸವನಹುಳುವಿನ ಆಕಾರದ ಒಂದು ಕಬ್ಬಿಣದ ಡಬ್ಬಿ ಇತ್ತು. ಅದೇ ಟರ್ಬೊ. ಇಂಜಿನ್ ಬಿಡುವ ಹೊಗೆಯೇ ಒಳಗಿನ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಇಂಜಿನ್ನಿಗೆ ಗಾಳಿ ತುರುಕುತ್ತದೆ ಎಂದು ಅವನು ಅಮ್ಮಾಜಮ್ಮನಿಗೆ ವಿವರಿಸಿದ. ಇಂಥದ್ದನ್ನು ಹೇಳುವಾಗ ಮಾತ್ರ ಅವನಿಗೆ ಮಾತು ಬರುತ್ತಿತ್ತು. ಒಂದು ಸಲ ಅವಳನ್ನು ಕೂರಿಸಿಕೊಂಡು ಹೋದ. ನೆಲದ ಮೇಲೆ ಕಾಲು ಚಾಚಿ ಕೂತ ಹಾಗೆ ಸೀಟು. ಅವನು ಆಕ್ಸಿಲರೇಟರ್ ಅದುಮಿದರೂ ಮೊದಲು ಏನೂ ಆಗಲಿಲ್ಲ. ಒಂದು ಎರಡು ಎಣಿಸುವಷ್ಟು ತಡೆದು, ಎಲ್ಲೋ ಸಿಳ್ಳೆ ಹೊಡೆದಂತಾಗಿ, ಯಾರೋ ಬೆನ್ನಿಗೆ ಎರಡೂ ಕೈ ಹಚ್ಚಿ ದಬ್ಬಿದ ಹಾಗಾಯಿತು. ಅವಳು ಸೆರಗು ಬಾಯಿಗಿಟ್ಟುಕೊಂಡು, ಇಳಿಸಪ್ಪ ನನ್ನನ್ನ ಎಂದಳು. ಇಳಿದು ಅಂಗಳಕ್ಕೆ ಬಂದ ಮೇಲೆ ಅವಳಿಗೇ ನಗು ಬಂತು.

ಬಯಲಿನ ಧೂಳು ಆ ಚಕ್ರಕ್ಕೆ ಹೋಗಬಾರದೆಂದು, ಹುಳುವನ್ನು ಕೊಲ್ಲುವ ಊಜಿ ನೊಣ ಬಾರದಂತೆ ಹುಳುವಿನ ಮನೆಯ ಕಿಟಕಿಗೆ ಕಟ್ಟುವ ನೈಲಾನ್ ಪರದೆಯ ತುಂಡನ್ನು ಅವಳಿಂದ ಕೇಳಿ ಇಸಿದುಕೊಂಡು ಗಾಳಿ ಎಳೆಯುವ ಬಾಯಿಗೆ ಎರಡು ಮಡಿಕೆ ಕಟ್ಟಿದ. ಹಿಂದಿನ ಸೀಟಿನಲ್ಲಿ ಅವಳ ಗೂಡಿನ ಮೂಟೆ ಇಟ್ಟುಕೊಂಡು ಮಾರುಕಟ್ಟೆಗೂ ಹೋಗಿ ಬಂದ. ಜನ ನಕ್ಕರು. ಅವನೂ ನಕ್ಕ.

ಹಾಳಾದದ್ದು ಆ ಮಳೆಗಾಲದಲ್ಲಿ. ಪಕ್ಕದೂರಿನ ಕೆರೆಯಂಗಳದ ಮೇಲುಭಾಗದಲ್ಲಿ ಕಾರು ಓಡಿಸಿ ಅಭ್ಯಾಸ ಮಾಡಿಕೊಂಡು ಬಂದವನು ಅವತ್ತು ಅವಳ ಮನೆಯ ಗೇಟಿನ ಹತ್ತಿರ ಇಂಜಿನ್ ಓಡುತ್ತಿರುವಂತೆಯೇ ಸ್ವಲ್ಪ ಹೊತ್ತು ಬಾನೆಟ್ ಎತ್ತಿ ನೋಡುತ್ತಾ ನಿಂತಿದ್ದ. ನಾಲ್ಕನೇ ಜ್ವರ ದಾಟಿ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ಹುಳುಗಳು ಗಬಗಬನೆ ಸೊಪ್ಪು ತಿನ್ನುತ್ತಿದ್ದ ಹೊತ್ತು. ಮಾರನೆಯ ದಿನ ಹುಳು ಮಂಕಾದವು, ಆಮೇಲೆ ಮೆತ್ತಗಾಗಿ ತಟ್ಟೆ ತಟ್ಟೆಯೇ ಸತ್ತವು. ಒಂದು ಇಡೀ ಬೆಳೆ ತಿಪ್ಪೆಗೆ ಹೋಯಿತು. ಅಮ್ಮಾಜಮ್ಮ ಗೇಟಿನಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದಳು. ನಿನ್ನ ಹೊಗೆಯಿಂದಲೇ ಹೀಗಾಯಿತು, ಇನ್ನು ಮೇಲೆ ನಿನ್ನ ಇಂಜಿನ್ನಿನ ಸದ್ದು ನನ್ನ ಕಿವಿಗೆ ಬೀಳಕೂಡದು ಎಂದಳು. ಜಿಯಾವುಲ್ಲಾ ನಿಂತು ಅಷ್ಟನ್ನೂ ಕೇಳಿ, ತಪ್ಪಾಯ್ತಮ್ಮಾ ಎಂದ.

ರೇಷ್ಮೆ ಇಲಾಖೆಯವನು ಬಂದು ನೋಡಿ, ಇದು ಸಪ್ಪೆ ರೋಗ ಕಣಮ್ಮ, ಹೊಗೆಯಲ್ಲ ಏನಲ್ಲ, ಮಳೆಯಲ್ಲಿ ನೆನೆದ ಸೊಪ್ಪು ಹಾಕಿದ್ದೀಯ ಎಂದ. ಹಾಕಿದ್ದು ನಿಜ. ಆಳು ಬಾರದ ದಿನ, ಆರಿಸಲು ಪುರುಸೊತ್ತಿಲ್ಲದೆ ಅವಳೇ ಹಾಕಿದ್ದಳು. ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಬೈದಾಗಿತ್ತು. ಬೈದದ್ದನ್ನು ವಾಪಸು ತೆಗೆದುಕೊಳ್ಳುವುದು ಅವಳಿಗೆ ಯಾವತ್ತೂ ಒಗ್ಗಿದ ಕೆಲಸವಲ್ಲ.

ಅಂದಿನಿಂದ ಜಿಯಾವುಲ್ಲಾ ಎಷ್ಟೇ ಜೋರಾಗಿ ಬಂದರೂ ಮನೆಗಿಂತ ಅರ್ಧ ಫರ್ಲಾಂಗು ಹಿಂದೆ, ರಸ್ತೆಯ ಮೋರಿಯ ಹತ್ತಿರವೇ ಇಂಜಿನ್ ಆರಿಸಿಬಿಡುತ್ತಿದ್ದ. ಅಲ್ಲಿಂದ ಇಳಿಜಾರು. ಕಾರು ಸದ್ದಿಲ್ಲದೆ ತಾನಾಗಿ ಉರುಳಿಕೊಂಡು ಗೇಟಿಗೆ ಬರುತ್ತಿತ್ತು. ಆಮೇಲೆ ಇಳಿದು ಶೆಡ್ಡಿಗೆ ದಬ್ಬುತ್ತಿದ್ದ. ಆ ಉರುಳುವಿಕೆ ಅಮ್ಮಾಜಮ್ಮನಿಗೆ ನೋಡಲು ಚೆನ್ನಾಗಿತ್ತು. ಹೇಳಿದ ಮಾತು ಕೇಳುವ ಹುಡುಗ ಎಂದು ನಾಲ್ಕು ಜನರೆದುರು ಹೊಗಳಿದಳು ಕೂಡ.

ಟರ್ಬೊ ಮಾತ್ರ ಬಾಳಿಕೆ ಬರಲಿಲ್ಲ. ತೊಂಬತ್ತರಲ್ಲಿ ಬೆಂಗಳೂರಿನ ಹೊರಗಿನ ಬಯಲಿನಲ್ಲಿ ಮೊದಲ ಸ್ಪರ್ಧೆ. ಎರಡನೇ ಸುತ್ತಿನಲ್ಲಿ ಸಿಳ್ಳೆ ಕೀರಲಾಗಿ, ಹಿಂದಿನಿಂದ ನೀಲಿ ಹೊಗೆ ಕಕ್ಕಿ ಟರ್ಬೊದ ಚಕ್ರ ಕಚ್ಚಿಕೊಂಡಿತು. ವಾಪಸು ಬಂದದ್ದು ಅದೇ ಹಗ್ಗ, ಅದೇ ಟ್ರಾಕ್ಟರು. ಅದಕ್ಕೆ ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಲೇತ್ ಇಟ್ಟಿದ್ದ ನಲ್ಲಪ್ಪ ಎಂಬುವವನು ಹಿತ್ತಾಳೆ ಕಡೆದು ಆ ಚಕ್ರದ ಅಚ್ಚು ಕೂರುವ ಬುಷ್ ಮಾಡಿಕೊಟ್ಟ. ಅದನ್ನು ಹಾಕಿಕೊಂಡು ಮುಂದಿನ ಬೇಸಿಗೆಗೆ ಹೋದರೆ ಮೊದಲನೇ ಸುತ್ತಿನಲ್ಲೇ ಮತ್ತೆ ನೀಲಿ ಹೊಗೆ. ಇನ್ನೊಂದು ಬುಷ್. ಆರು ತಿಂಗಳು ಕಳೆದು ಮತ್ತೊಂದು ಸ್ಪರ್ಧೆ. ಈ ಸಲ ಎರಡು ಸುತ್ತು ಮುಗಿದು ಮೂರನೆಯದಕ್ಕೆ ಇಂಜಿನ್ ಎಬ್ಬಿಸಿದರೆ ಹೊಗೆಯಲ್ಲಿ ಬಾವುಟ ಹಿಡಿದವನೇ ಕಾಣಲಿಲ್ಲವಂತೆ. ಪ್ರತಿ ಸಲವೂ ಶೆಡ್ಡಿನಲ್ಲಿ ಅಡ್ಡಡ್ಡ ಮಲಗಿ ಅದನ್ನು ಬಿಚ್ಚುವುದು, ತೊಳೆಯುವುದು, ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಮೂರು ಸಲ ಚಿಕ್ಕಬಳ್ಳಾಪುರದ ಬಸ್ಸು ಹತ್ತುವುದು. ಒಂದು ನಟ್ಟು ತುಕ್ಕು ಹಿಡಿದು ಎರಡು ದಿನ ಕಾಡಿಸಿತು. ಅದು ಬಿಟ್ಟುಕೊಂಡಾಗ ಅವನ ಬೆರಳಿನ ಚರ್ಮವೂ ಬಿಟ್ಟುಕೊಂಡಿತ್ತು.

ಅಮ್ಮಾಜಮ್ಮನಿಗೆ ಅವನ ಕಷ್ಟಕ್ಕಿಂತ ಅವನ ಸುಮ್ಮನಿರುವಿಕೆಯೇ ಹೆಚ್ಚು ಸಿಟ್ಟು ತರಿಸುತ್ತಿತ್ತು. ಬೈಯಲಿಲ್ಲ, ಕಾರಿಗೆ ಒದೆಯಲಿಲ್ಲ, ಒಂದು ಸಲವೂ ಅಳಲಿಲ್ಲ. ಚಹಾ ಕೊಟ್ಟರೆ ಕುಡಿದು ಲೋಟ ತೊಳೆದಿಡುತ್ತಿದ್ದ.

ಅಷ್ಟರಲ್ಲಿ ನೂರುಲ್ಲಾ ಸಾಬರ ತಾಳ್ಮೆಯೂ ಮುಗಿದಿತ್ತು. ಕರೆಂಟು ದಿನಕ್ಕೆ ಆರು ಗಂಟೆ ಹೋಗುತ್ತಿದ್ದ ಕಾಲ. ಫಿಲೇಚರ್ ನಿಂತರೆ ಬೇಯಿಸಿದ ಗೂಡು ಹಾಳು. ಆ ಕಾರಿನ ಇಂಜಿನ್ ಇಳಿಸಿ ಜನರೇಟರಿಗೆ ಕಟ್ಟುತ್ತೇನೆ ಎಂದು ಅವರು ಅಮ್ಮಾಜಮ್ಮನ ಜಗಲಿಯ ಮೇಲೆ ಕೂತೇ ತಮ್ಮನಿಗೆ ಹೇಳಿದರು. ತೊಂಬತ್ತೆರಡರ ಏಪ್ರಿಲಿನಲ್ಲಿ ಮಂಚೇನಹಳ್ಳಿಯ ಹತ್ತಿರ, ಒಣಗಿದ ಕೆರೆಯಂಗಳದಲ್ಲಿ ಸ್ಪರ್ಧೆಯಿತ್ತು. ಅದೇ ಕೊನೆ. ಅಲ್ಲಿ ಮೂರೂ ಸುತ್ತು ಮುಗಿಸಿದರೆ ನಾನು ಮತ್ತೆ ಆ ಕಾರಿನ ಸುದ್ದಿ ಎತ್ತುವುದಿಲ್ಲ, ಮುಗಿಸದಿದ್ದರೆ ಕೀಲಿಕೈ ನನ್ನ ಕೈಗೆ ಎಂದರು. ಜಿಯಾವುಲ್ಲಾ ತಲೆಯಾಡಿಸಿದ.

ಸ್ಪರ್ಧೆಗೆ ಹದಿನೈದು ದಿನವಿರುವಾಗ ಮೊಮ್ಮಗಳಿಗೆ ಕಾಲ್ಗೆಜ್ಜೆ ತರಲು ಅಮ್ಮಾಜಮ್ಮ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದಳು. ಬಸ್ ಸ್ಟ್ಯಾಂಡಿನ ಹಿಂದೆ ನಲ್ಲಪ್ಪನ ಅಂಗಡಿ. ಹಾಗೇ ಹೊಕ್ಕು, ಪದೇಪದೇ ಹಾಳಾಗುವ ಬುಷ್ ಯಾಕಪ್ಪ ಮಾಡಿಕೊಡುತ್ತೀಯ ಎಂದು ದಬಾಯಿಸಿದಳು. ನಲ್ಲಪ್ಪ ಹಳೆಯ ಬುಷ್ ಒಂದನ್ನು ತೆಗೆದು ಅವಳ ಅಂಗೈಗೆ ಹಾಕಿದ. ಬೆಲ್ಲ ಸೀದ ಕೊಪ್ಪರಿಗೆಯ ತಳದ ಹಾಗೆ ಕರ್ರಗೆ ಗಟ್ಟಿಯಾಗಿತ್ತು.

"ಬುಷ್ದೇನೂ ತಪ್ಪಿಲ್ಲಮ್ಮ. ಜೋರಾಗಿ ಓಡಿಸ್ಕೊಂಡು ಬಂದ್ರೆ ಆ ಡಬ್ಬಿ ಕೆಂಡದ ತರ ಇರತೈತೆ. ಒಳಗಿನ ಚಕ್ರ ತಿರುಗ್ತಾನೇ ಇರತೈತೆ. ತಕ್ಷಣ ಇಂಜಿನ್ ಆರಿಸಿಬಿಟ್ರೆ ಎಣ್ಣೆ ನಿಂತೋಗ್ತದೆ, ನಿಂತ ಎಣ್ಣೆ ಅಲ್ಲೇ ಸುಟ್ಟು ಹಿಂಗಾಗ್ತದೆ. ಬಂದ ಮೇಲೆ ಮೂರು ನಿಮಿಷ ಇಂಜಿನ್ ಸುಮ್ನೆ ಓಡಕ್ಕೆ ಬಿಟ್ರೆ ಮುಗೀತು. ಆಗಲೇ ವರ್ಷ ಆಯ್ತು ನಾನು ಅವ್ನಿಗೆ ಹೇಳಿ."

ಅಮ್ಮಾಜಮ್ಮನ ಕಣ್ಣಿಗೆ ಮೋರಿ ಕಟ್ಟಿತು. ಅಲ್ಲಿಂದ ಸದ್ದಿಲ್ಲದೆ ಉರುಳಿ ಬರುತ್ತಿದ್ದ ಕೆಂಪು ಕಾರು ಕಟ್ಟಿತು. ಕಾಲ್ಗೆಜ್ಜೆ ತರುವುದನ್ನೂ ಮರೆತು ಬಸ್ಸು ಹತ್ತಿದಳು.

ಅವನು ಶೆಡ್ಡಿನಲ್ಲಿ ಕಾರಿನಡಿ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಅವಳು ಆ ಕಾಲಿನೊಂದಿಗೇ ಜಗಳ ಶುರುಮಾಡಿದಳು. ಅವನು ಹೊರಗೆ ಬಂದು ಎದ್ದು ಕುಳಿತ.

"ವರ್ಷದಿಂದ ಗೊತ್ತಿತ್ತಂತೆ ನಿಂಗೆ. ಯಾಕೆ ಬಾಯಿ ಬಿಡ್ಲಿಲ್ಲ?"

"ಇಂಜಿನ್ ಸದ್ದು ಕೇಳಕೂಡದು ಅಂದಿದ್ರಲ್ಲಮ್ಮಾ."

"ಅಂದೆ. ಅಂದ್ರೆ? ಹಿಂಗಿಂಗೆ, ಮೂರು ನಿಮಿಷ ಬೇಕು ಅಂತ ಕೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ? ಆ ಮೋರಿ ಹತ್ರನೇ ಮೂರು ನಿಮಿಷ ನಿಂತಿದ್ರೆ ಆಗ್ತಿರ್ಲಿಲ್ವಾ?"

"ಗಾಳಿ ಈ ಕಡೆಗೇ ಬೀಸ್ತದಮ್ಮಾ. ಒಂದು ಬೆಳೆ ಆಗ್ಲೇ ನನ್ನಿಂದ ಹೋಗೈತೆ."

ಆ ಬೆಳೆ ಹೋದದ್ದು ನಿನ್ನಿಂದಲ್ಲ, ನೆನೆದ ಸೊಪ್ಪಿನಿಂದ ಎಂಬ ಮಾತು ಅಮ್ಮಾಜಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಅದರ ಬದಲು ಇನ್ನೂ ಜೋರಾಗಿ ಬೈದಳು. ಗಂಡಸಾಗಿ ಹುಟ್ಟಿ ಬಾಯಿ ಬಿಡದವನ ಕೈಗೆ ಯಾವ ಕಾರು ಬಂದರೂ ಇದೇ ಗತಿ ಎಂದಳು. ನಾಳೆಯಿಂದ ಅಂಗಳದಲ್ಲೇ ಇಂಜಿನ್ ಓಡಲು ಬಿಡು, ಹುಳ ಸತ್ತರೆ ನನ್ನ ಹುಳ ಎಂದಳು. ಅವನು ಸರಿಯಮ್ಮಾ ಎಂದು ಮತ್ತೆ ಕಾರಿನಡಿ ತೂರಿಕೊಂಡ.

ಆ ವಾರವೇ ಬೆಳೆ ಮಾರಿ ಹುಳುವಿನ ಮನೆ ತೊಳೆದು ಸುಣ್ಣ ಬಳಿದದ್ದರಿಂದ ಅವಳಿಗೆ ಕೆಲಸವಿರಲಿಲ್ಲ. ಸ್ಪರ್ಧೆಗೆ ತಾನೂ ಬರುತ್ತೇನೆ ಎಂದಳು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಆ ನೆಲಮಟ್ಟದ ಸೀಟಿನಲ್ಲಿ ಕೂತು ಚಿಕ್ಕಬಳ್ಳಾಪುರ ದಾಟಿ ಮಂಚೇನಹಳ್ಳಿಗೆ ಹೋದಳು. ಕೆರೆಯಂಗಳ ಬಿರುಕು ಬಿಟ್ಟು ಬಿದ್ದಿತ್ತು. ಬೆಂಗಳೂರಿನ ಹುಡುಗರು ಬಣ್ಣಬಣ್ಣದ ಟೋಪಿ ಹಾಕಿಕೊಂಡು ಇಂಗ್ಲಿಷಿನಲ್ಲಿ ಕೂಗಾಡುತ್ತಿದ್ದರು. ಏರಿಯ ಮೇಲೆ ಸುತ್ತಲ ಊರಿನ ಜನ.

ಮೊದಲನೇ ಸುತ್ತು ಚೆನ್ನಾಗಿ ಹೋಯಿತು. ಕೆಂಪು ಕಾರು ಧೂಳೆಬ್ಬಿಸಿಕೊಂಡು, ಟಯರಿನ ಗುಡ್ಡೆಗಳ ನಡುವೆ ಹಿಂಬದಿ ಬೀಸಿಕೊಂಡು ತಿರುಗಿ ಬಂದು ಗೆರೆ ದಾಟಿತು. ಆದರೆ ನಿಲ್ಲಿಸುವ ಜಾಗಕ್ಕೆ ಬಂದ ತಕ್ಷಣ ಅಲ್ಲಿ ಕಾವಲಿಗೆ ನಿಂತ ಟೋಪಿಯವನು ಇಂಜಿನ್ ಆಫ್ ಮಾಡು ಎಂದು ಕೈಬೀಸಿದ. ಇಲ್ಲಿ ಪೆಟ್ರೋಲ್ ಡಬ್ಬಗಳಿವೆ, ಯಾರೂ ಇಂಜಿನ್ ಓಡಿಸುವ ಹಾಗಿಲ್ಲ. ಜಿಯಾವುಲ್ಲಾನ ಕೈ ಆಗಲೇ ಕೀಲಿಕೈಯ ಮೇಲಿತ್ತು. ಅಮ್ಮಾಜಮ್ಮ ಓಡಿ ಬಂದು ಕಿಟಕಿಯೊಳಗೆ ಕೈ ಹಾಕಿ ಆ ಕೈ ಹಿಡಿದಳು.

"ಅಮ್ಮಾ, ನೀವೇ ಒಂದು ಮಾತು ಹೇಳಿ ಅವ್ರಿಗೆ," ಎಂದ.

ಅವಳು ಹೇಳಿದಳು. ಅವಳಿಗೆ ಗೊತ್ತಿದ್ದ ಕನ್ನಡ, ತೆಲುಗು ಎರಡರಲ್ಲೂ ಹೇಳಿದಳು. ಒಳಗಡೆ ಒಂದು ಚಕ್ರ ಐತೆ, ಅದಕ್ಕಿನ್ನೂ ಉಸಿರು ಹತ್ತೈತೆ, ಓಡಿ ಬಂದ ಎತ್ತನ್ನ ನೀನು ತಕ್ಷಣ ಕಟ್ಟಿಹಾಕ್ತೀಯೇನಪ್ಪ ಎಂದಳು. ಟೋಪಿಯವನಿಗೆ ಅರ್ಧ ಅರ್ಥವಾಯಿತು. ನಗುತ್ತಾ, ಹಾಗಾದರೆ ಆ ದೂರದ ಜಾಲಿಮರದ ಕೆಳಗೆ ನಿಲ್ಲಿಸಿಕೊಳ್ಳಿ ಎಂದ. ಜಾಲಿಮರದ ಕೆಳಗೆ ಮೂರು ನಿಮಿಷ. ಎರಡನೇ ಸುತ್ತು, ಮತ್ತೆ ಮೂರು ನಿಮಿಷ. ಮೂರನೇ ಸುತ್ತಿನಲ್ಲಿ ಅವಳು ಬಯಲಿನ ಕಡೆ ನೋಡಲಾಗದೆ ಕಣ್ಣು ಮುಚ್ಚಿ ಸಿಳ್ಳೆಯನ್ನೇ ಕೇಳುತ್ತಾ ನಿಂತಳು. ಸಿಳ್ಳೆ ಕೀರಲಾಗಲಿಲ್ಲ. ಕಣ್ಣು ಬಿಟ್ಟಾಗ ಕಾರು ಗೆರೆಯಾಚೆ ಇತ್ತು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದರು. ಹತ್ತೊಂಬತ್ತು ಜನರಲ್ಲಿ ಹದಿನಾಲ್ಕನೆಯದು. ಓದಲು ಬಾರದ ಅವಳಿಗೆ ಅವನು ಬೆರಳಿಟ್ಟು ತೋರಿಸಿದ.

ಕಾರಿಗೆ ಗಾಳಿಯಾಡಲೆಂದು ಬಾನೆಟ್ ಎತ್ತಿ, ಜಾಲಿಮರದ ಕೆಳಗೆ ಇಬ್ಬರೂ ಬುತ್ತಿ ಬಿಚ್ಚುವಾಗ ನೂರುಲ್ಲಾ ಸಾಬರು ಬಂದರು. ಹಿಂದೂಪುರಕ್ಕೆ ನೂಲು ಕೊಟ್ಟು ಗೌರಿಬಿದನೂರಿನ ಮೇಲೆ ವಾಪಸಾಗುತ್ತಾ ದಾರಿಯಲ್ಲಿ ಇಳಿದಿದ್ದರು. ಜೊತೆಯಲ್ಲಿ ಜನರೇಟರ್ ಕೂರಿಸುವ ವೆಂಕಟರಾಮಪ್ಪ. ಎತ್ತಿದ ಬಾನೆಟ್ ನೋಡಿದರು, ಧೂಳು ಮೆತ್ತಿದ ತಮ್ಮನ ಮುಖ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಮತ್ತೆ ಹೋಯ್ತಾ? ಹೋಗ್ಲಿ ಬಿಡಪ್ಪ. ನಿನ್ನ ಕೈಲಾದಷ್ಟು ಮಾಡಿದೆ. ಇವರನ್ನ ಕರ್ಕೊಂಡೇ ಬಂದಿದ್ದೀನಿ, ಇಂಜಿನ್ ನೋಡಿಬಿಡ್ಲಿ," ಎಂದು ಅಂಗೈ ಚಾಚಿದರು.

ಹಲಗೆ ಇಪ್ಪತ್ತು ಮಾರು ದೂರದಲ್ಲಿತ್ತು. ಇಲ್ಲ ಅಣ್ಣ, ಮುಗಿಸಿದೆ ಎಂದರೆ ಸಾಕಿತ್ತು. ಆದರೆ ಹೊರಗಿನವನ ಎದುರಿಗೆ ಅಣ್ಣನ ಮಾತಿಗೆ ಎದುರು ಮಾತು ಆಡಿದವನಲ್ಲ ಜಿಯಾವುಲ್ಲಾ. ಅಮ್ಮಾಜಮ್ಮ ಅವನ ಮುಖವನ್ನೇ ನೋಡಿದಳು. ಹೇಳು, ಹೇಳು ಎಂದು ಒಳಗೇ ಹಲ್ಲು ಕಚ್ಚಿದಳು. ಇವತ್ತಾದರೂ ಇವನು ಹೇಳಲಿ, ನಾನು ತುಟಿ ಎರಡು ಮಾಡುವುದಿಲ್ಲ ಎಂದು ಹಟ ಹಿಡಿದು ಬುತ್ತಿಯ ಬಟ್ಟೆಯನ್ನು ಮಡಿಸತೊಡಗಿದಳು.

ಅವನು ಅವಳ ಕಡೆ ಬಾಗಿದ. ಅಣ್ಣನಿಗೆ ಕೇಳದ ಹಾಗೆ, ಒಂದೇ ಮಾತು.

"ಅಮ್ಮಾ, ನೀವೇ ಹೇಳ್ತೀರಾ?"

"ಹೇಳಲ್ಲ. ನಿಂಗೂ ಬಾಯೈತೆ," ಎಂದಳು.

ಅವನು ಜೇಬಿನಿಂದ ಕೀಲಿಕೈ ತೆಗೆದು, ಅಂಗಿಗೆ ಒರೆಸಿ, ಅಣ್ಣನ ಅಂಗೈ ಮೇಲಿಟ್ಟ. ಅಮ್ಮಾಜಮ್ಮ ಎದ್ದು ನಿಂತು, ಸಾಬರೇ, ಒಂದ್ನಿಮಿಷ ಎನ್ನುವಷ್ಟರಲ್ಲಿ ಜಿಯಾವುಲ್ಲಾ ತಾನೇ ಮುಂದಾಗಿ, ಮಾತಾಡಬೇಡಿರೆಂದು ಅವಳಿಗೆ ಕಣ್ಣಿನಲ್ಲೇ ಹೇಳಿ, ವೆಂಕಟರಾಮಪ್ಪನಿಗೆ ಟರ್ಬೊದ ಯಾವ ಬೋಲ್ಟು ಮೊದಲು ಬಿಚ್ಚಬೇಕು ಎಂದು ತೋರಿಸುತ್ತಿದ್ದ.

ಇಂಜಿನ್ ಜನರೇಟರಿಗೆ ಹೋಯಿತು. ಆಮೇಲೂ ಹನ್ನೊಂದು ವರ್ಷ ಅವನು ಅಣ್ಣನ ಫಿಲೇಚರಿಗೆ ಅವಳ ಗೂಡು ಕೊಂಡುಕೊಳ್ಳಲು ಬಂದ, ಹಬ್ಬಕ್ಕೆ ಪಾಯಸ ತಂದುಕೊಟ್ಟ, ಕಾಯಿಲೆ ಬಿದ್ದಾಗ ಬಂದು ನೋಡಿದ. ಕುಡಿಯಲು ನೀರನ್ನು ಕೂಡ, ಅವಳು ಕೊಟ್ಟರೆ ಕುಡಿದ. ಅವಳನ್ನು ಅವನು ಏನಾದರೂ ಕೇಳಿದ್ದು ಅದೇ ಕೊನೆ: ಅಮ್ಮಾ, ನೀವೇ ಹೇಳ್ತೀರಾ?